ಎರಡು ಓದು ಒಂದಾಗುವ ತನಕ

ಐಸಿ ಹೋಗಿದೆ ಅಂತ ಅಷ್ಟು ಬೇಗ ತೀರ್ಮಾನ ಮಾಡಬೇಡ, ತಮ್ಮಾ. ಬಯಾಸ್ ಐಸಿ ಸುಲಭಕ್ಕೆ ಸಾಯುವ ಜಾತಿಯದಲ್ಲ. ನಮ್ಮ ಕಡೆ ರಿಪೇರಿಗೆ ಬರುವ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಸಲ ಕಾಣುವ ವಿನ್‌ಬಾಂಡ್ 25ಕ್ಯೂ64 ಅನ್ನೇ ತೆಗೆದುಕೋ. ಕಡಿಮೆ ಅಂದರೂ 1 ಲಕ್ಷ ಸಲ ಅಳಿಸಿ ಬರೆಯಬಹುದು, ಬರೆದದ್ದು 20 ವರ್ಷದ ಮೇಲೂ ಉಳಿಯುತ್ತೆ ಅಂತ ಅದರ ಡೇಟಾಶೀಟೇ ಹೇಳುತ್ತೆ. ಕ್ಲಿಪ್ ಹಾಕಿದರೆ ಒಂದು ಸಲ ಐಸಿ ಸಿಗುತ್ತೆ, ಇನ್ನೊಂದು ಸಲ ಸಿಗಲ್ಲ, ಮತ್ತೊಂದು ಸಲ ಬೇರೆ ಯಾವುದೋ ಹೆಸರು ತೋರಿಸುತ್ತೆ ಅಂದೆಯಲ್ಲ, ಸತ್ತ ಐಸಿ ಹಾಗೆ ಆಡುವುದಿಲ್ಲ. ಅದು ಲೂಸ್ ಕಾಂಟ್ಯಾಕ್ಟಿನ ಲಕ್ಷಣ. ಐಸಿಗೂ ನಿನ್ನ ಪ್ರೋಗ್ರಾಮರಿಗೂ ನಡುವೆ ಗೇಣುದ್ದದ ದಾರಿ ಇದೆಯಲ್ಲ, ತೊಂದರೆ ಇರುವುದು ಅಲ್ಲಿ.

ಕೋಲಾರದಲ್ಲಿ, ಮಾಲೂರಲ್ಲಿ, ನಿನ್ನ ಮುಳಬಾಗಿಲಲ್ಲಿ, ಆ ಕಡೆ ಶ್ರೀನಿವಾಸಪುರದಲ್ಲಿ ಬೋರ್ಡ್ ಬಿಚ್ಚಿ ಬಯಾಸ್ ಹಾಕುವ ಧೈರ್ಯ ಮಾಡುವ ಹುಡುಗ ಹುಡುಗಿಯರು ಈಗ ಇದ್ದೀರಿ ಅನ್ನುವುದೇ ನನಗೆ ದೊಡ್ಡ ಸಂತೋಷ. ಮುಂಚೆ ನೋ ಡಿಸ್‌ಪ್ಲೇ ಬೋರ್ಡ್ ಬಂದರೆ ಚೀಲಕ್ಕೆ ಹಾಕಿಕೊಂಡು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವುದೊಂದೇ ದಾರಿ. ಮಾಲೂರಿನವರಿಗೆ ರೈಲಾದರೂ ಇದೆ, ಮುಳಬಾಗಿಲಿನವರಿಗೆ ಬಸ್ಸೇ ಗತಿ. ಈಗ ಅದೇ ಎಸ್.ಪಿ. ರೋಡಿನಿಂದ ಸಿಎಚ್341ಎ ಪ್ರೋಗ್ರಾಮರು, ಒಂದು ಎಂಟು ಕಾಲಿನ ಕ್ಲಿಪ್ಪು ತಂದಿಟ್ಟುಕೊಂಡರೆ ಕೆಲಸ ಊರಲ್ಲೇ ಆಗುತ್ತೆ. ಆದರೆ ಆ ಸಾಮಾನು ಅಗ್ಗದ್ದು. ಅಗ್ಗದ ಸಾಮಾನಿನಿಂದ ಒಳ್ಳೆಯ ಕೆಲಸ ತೆಗೆಯಬಹುದು, ಅದಕ್ಕೆ ಬೇಕಾದದ್ದು ತಾಳ್ಮೆ. ನಿನ್ನ ಮೇಜಿನ ಮೇಲಿರುವ ಮಷೀನು ಯಾರದು ಅಂತ ಯೋಚನೆ ಮಾಡು. ಡಿಗ್ರಿ ಕಾಲೇಜಿನ ಹುಡುಗಿಯ ಪ್ರಾಜೆಕ್ಟೆಲ್ಲ ಅದರಲ್ಲಿರಬಹುದು. ಶ್ರೀನಿವಾಸಪುರದ ಮಾವಿನ ಮಂಡಿಯ ಲೆಕ್ಕ ಇರಬಹುದು, ಸೀಸನ್ನಿನಲ್ಲಿ ಒಂದು ದಿನ ನಿಂತರೆ ಅವರಿಗೆ ತಲೆನೋವು. ಅವರು ನಿನ್ನನ್ನು ನಂಬಿ ಬಿಟ್ಟುಹೋಗಿದ್ದಾರೆ.

ಬಯಾಸ್ ಕೆಡುವುದಕ್ಕೆ ನಮ್ಮ ಜಿಲ್ಲೆಯಲ್ಲಿ ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಬ್ಯಾಟರಿ ಸತ್ತ ಲ್ಯಾಪ್‌ಟಾಪು, ಬರೀ ಅಡಾಪ್ಟರಿನ ಮೇಲೆ ಓಡುತ್ತಿರುತ್ತೆ. ಅಪ್‌ಡೇಟ್ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು, ಮುಗಿಯಿತು. ಹಳೆಯವರು ಸಿಐಎಚ್ ವೈರಸ್ಸನ್ನು ಮರೆತಿಲ್ಲ. 1999ರ ಏಪ್ರಿಲ್ 26ರಂದು ಅದು ಲೋಕದ ತುಂಬ ಕಂಪ್ಯೂಟರುಗಳ ಬಯಾಸ್ ಮೇಲೆ ಕಸ ಬರೆದು ಮಲಗಿಸಿತು. ಆಗಿನ ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ಬಹಳಷ್ಟು ಕಡೆ ಐಸಿ ಸಾಕೆಟ್ಟಿನಲ್ಲಿ ಕೂತಿರುತ್ತಿತ್ತು. ಎತ್ತಿ ಪ್ರೋಗ್ರಾಮರಿಗೆ ಹಾಕು, ಬರೆದು ವಾಪಸ್ ಕೂರಿಸು, ಅಷ್ಟೇ. ಈಗಿನ ಲ್ಯಾಪ್‌ಟಾಪಿನಲ್ಲಿ ಐಸಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅದಕ್ಕೇ ಕ್ಲಿಪ್ಪು ಬಂತು, ಕ್ಲಿಪ್ಪಿನ ಜೊತೆ ನಿನ್ನ ಈ ಕಷ್ಟವೂ ಬಂತು.

ಬಿಚ್ಚುವ ಮುಂಚೆ ಒಂದು ಮಾತು. ಎಲ್ಲ ಕೇಸಿಗೂ ಸ್ಕ್ರೂಡ್ರೈವರ್ ಬೇಕಾಗಿಲ್ಲ. ಎಚ್‌ಪಿಯ ಹಲವು ಮಾಡಲ್ಲುಗಳಲ್ಲಿ ವಿಂಡೋಸ್ ಕೀ ಮತ್ತು ಬಿ ಅಕ್ಷರ ಒತ್ತಿ ಹಿಡಿದು ಪವರ್ ಬಟನ್ ಒತ್ತಿದರೆ ಅದೇ ರಿಕವರಿಗೆ ಹೋಗುತ್ತೆ. ಡೆಲ್‌ನಲ್ಲಿ ಕಂಟ್ರೋಲ್, ಎಸ್ಕೇಪ್ ಎರಡನ್ನೂ ಹಿಡಿದು ಅಡಾಪ್ಟರ್ ಚುಚ್ಚುವ ವಿಧಾನ ಇದೆ. 2017ರ ಡಿಸೆಂಬರಿನಲ್ಲಿ ಉಬುಂಟು 17.10 ಹಾಕಿದ ಲೆನೊವೊ ಮತ್ತಿತರ ಕೆಲವು ಲ್ಯಾಪ್‌ಟಾಪುಗಳಲ್ಲಿ ಬಯಾಸ್ ಸೆಟ್ಟಿಂಗ್ ಸೇವ್ ಆಗುವುದೇ ನಿಂತುಹೋಗಿತ್ತು. ಉಬುಂಟುವಿನವರು ಡೌನ್‌ಲೋಡನ್ನೇ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಸರಿಪಡಿಸಿದ ಕರ್ನಲ್ಲಿನಿಂದ ಒಮ್ಮೆ ಬೂಟ್ ಮಾಡಿದರೆ ಬಹಳಷ್ಟು ಮಷೀನು ತಾವೇ ಸರಿಹೋದವು, ಬೋರ್ಡ್ ಮುಟ್ಟಬೇಕಾಗಲಿಲ್ಲ. ಇವನ್ನೆಲ್ಲ ನೋಡಿ, ಆಗಲಿಲ್ಲ ಅಂದರೆ ಮಾತ್ರ ಬಿಚ್ಚು.

ಬಿಚ್ಚಿದ ಮೇಲೆ ಅಡಾಪ್ಟರ್ ತೆಗೆ, ಬ್ಯಾಟರಿ ಕನೆಕ್ಟರ್ ತೆಗೆ, ಸಣ್ಣ ಬಿಲ್ಲೆ ಬ್ಯಾಟರಿ ಇದ್ದರೆ ಅದನ್ನೂ ತೆಗೆ. ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿದು ಬೋರ್ಡಿನಲ್ಲಿ ಉಳಿದ ಚಾರ್ಜ್ ಕಳೆ. ನಮ್ಮದು ಒಣ ಸೀಮೆ, ಬೇಸಿಗೆ ಶುರುವಾದರೆ ನೈಲಾನ್ ಅಂಗಿ ತೆಗೆಯುವಾಗಲೇ ಚಟಚಟ ಅನ್ನುತ್ತೆ. ನರಸಾಪುರದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೆ ಹೋಗುವ ಅಕ್ಕತಂಗಿಯರು ನಿಮ್ಮ ಬೀದಿಯಲ್ಲೇ ಇರುತ್ತಾರೆ, ಮಣಿಕಟ್ಟಿಗೆ ಪಟ್ಟಿ ಯಾಕೆ ಕಟ್ಟಿಕೊಳ್ಳುತ್ತಾರೆ ಅಂತ ಕೇಳು. ಆ ಪಟ್ಟಿ ಒಂದು ತೆಗೆದುಕೋ, ದೊಡ್ಡ ಖರ್ಚಲ್ಲ.

ಈಗ ಐಸಿಯ ಮೇಲಿನ ಅಕ್ಷರ ಓದು. ಭೂತಗನ್ನಡಿ ಹಿಡಿದು, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟರೆ ಕಾಣುತ್ತೆ. ಹೆಸರಿನ ಒಂದೊಂದು ಅಕ್ಷರದ ಮೇಲೂ ಕಣ್ಣಿಡು. ವಿನ್‌ಬಾಂಡ್ 25ಕ್ಯೂ64ಎಫ್‌ವಿ ಅಂದರೆ 2.7ರಿಂದ 3.6 ವೋಲ್ಟಿನ ಐಸಿ. ಅದೇ ಎಫ್‌ಡಬ್ಲ್ಯು ಅಂತ ಇದ್ದರೆ 1.8 ವೋಲ್ಟಿನದು. ಮ್ಯಾಕ್ರಾನಿಕ್ಸ್‌ನಲ್ಲಿ 25ಎಲ್ ಅಂದರೆ 3 ವೋಲ್ಟು, 25ಯು ಅಂದರೆ 1.8. ಗಿಗಾಡಿವೈಸ್‌ನಲ್ಲಿ 25ಕ್ಯೂ ಮತ್ತು 25ಎಲ್‌ಕ್ಯೂ ನಡುವೆ ಅದೇ ವ್ಯತ್ಯಾಸ. 1.8ರ ಐಸಿಗೆ 3.3 ಕೊಟ್ಟರೆ ಒಂದೊಂದು ಸಲ ಓದುತ್ತೆ, ಒಂದೊಂದು ಸಲ ಓದಲ್ಲ, ನೀನು ಕ್ಲಿಪ್ಪನ್ನು ಬೈಯುತ್ತ ಕೂರುತ್ತೀಯ. ಅಷ್ಟರಲ್ಲಿ ಐಸಿ ನಿಜವಾಗಿಯೂ ಹೋಗಿರುತ್ತೆ.

ಪ್ರೋಗ್ರಾಮರನ್ನೂ ನಂಬಬೇಡ. ಚೀನಾದ ನಾನ್‌ಜಿಂಗಿನ ಕಂಪನಿ ಮಾಡುವ ಸಿಎಚ್341ಎ ಚಿಪ್ ಒಳ್ಳೆಯದೇ. ಅದನ್ನು ಕೂರಿಸಿ ಯಾರ್‍ಯಾರೋ ಮಾಡಿ ಮಾರುವ ಕಪ್ಪು ಬೋರ್ಡಿನಲ್ಲಿ ಒಂದು ದೋಷ ಇದೆ. ಐಸಿಗೆ ಪವರ್ 3.3 ವೋಲ್ಟೇ ಹೋಗುತ್ತೆ, ಡೇಟಾ ತಂತಿಗಳಲ್ಲಿ ಮಾತ್ರ 5 ವೋಲ್ಟ್ ಬರುತ್ತೆ. ಕ್ಲಿಪ್ ಐಸಿಗೆ ಹಾಕದೆ, ಪ್ರೋಗ್ರಾಮರನ್ನು ಯುಎಸ್‌ಬಿಗೆ ಚುಚ್ಚಿ, ಮಲ್ಟಿಮೀಟರಿನಲ್ಲಿ ಒಂದೊಂದೇ ಕಾಲನ್ನು ಗ್ರೌಂಡಿಗೆ ಅಳೆದು ನೋಡು. 5ರ ಹತ್ತಿರ ತೋರಿಸಿದರೆ ಅದನ್ನು ತಿದ್ದಿಸು, ಇಲ್ಲ ವೋಲ್ಟೇಜ್ ಆರಿಸುವ ಸ್ವಿಚ್ ಇರುವ ಹೊಸ ಬೋರ್ಡ್ ತಾ. ರಾಸ್ಪ್‌ಬೆರಿ ಪೈ ಇದ್ದರೆ ಇನ್ನೂ ಒಳ್ಳೆಯದು, ಅದರ ಡೇಟಾ ಕಾಲುಗಳೆಲ್ಲ 3.3 ವೋಲ್ಟಿನವೇ.

ಇನ್ನು ಕ್ಲಿಪ್ಪು. ಇಲ್ಲಿ ನಿಧಾನಕ್ಕೆ ಕೇಳಿಸಿಕೋ, ನಿನ್ನ ಮುಕ್ಕಾಲು ಪಾಲು ತೊಂದರೆ ಇಲ್ಲೇ ಇರುತ್ತೆ. ಕ್ಲಿಪ್ಪಿನ ಬಾಯಿ ತೆರೆದು ಭೂತಗನ್ನಡಿಯಲ್ಲಿ ಒಳಗೆ ನೋಡು. ಒಂದೊಂದು ಕಡೆ ನಾಲ್ಕು ಹಲ್ಲು. ನಾಲ್ಕೂ ಒಂದೇ ಮಟ್ಟದಲ್ಲಿರಬೇಕು. ಅಗ್ಗದ ಕ್ಲಿಪ್ಪಿನಲ್ಲಿ ಸ್ವಲ್ಪ ದಿನಕ್ಕೇ ಒಂದು ಹಲ್ಲು ಪ್ಲಾಸ್ಟಿಕ್ಕಿನೊಳಗೆ ಹಿಂದಕ್ಕೆ ಸರಿದುಬಿಡುತ್ತೆ. ಹೊರಗಿನಿಂದ ಕ್ಲಿಪ್ ಚೆನ್ನಾಗಿಯೇ ಕಚ್ಚಿಕೊಂಡಂತೆ ಕಾಣುತ್ತೆ, ಆ ಒಂದು ಹಲ್ಲು ಮಾತ್ರ ಐಸಿಯ ಕಾಲನ್ನು ಮುಟ್ಟಿರುವುದಿಲ್ಲ. ಬೆರಳಲ್ಲಿ ಒತ್ತಿ ಹಿಡಿದರೆ ಐಸಿ ಸಿಗುತ್ತೆ, ಬಿಟ್ಟರೆ ಹೋಗುತ್ತೆ. ಬೆರಳಲ್ಲಿ ಒತ್ತಿ ಹಿಡಿದುಕೊಂಡೇ ಬರೆದುಬಿಡುತ್ತೇನೆ ಅನ್ನಬೇಡ. ಹಿಂದೆ ಸರಿದ ಹಲ್ಲನ್ನು ಚಿಮುಟದಲ್ಲಿ ಮುಂದಕ್ಕೆ ಎಳೆಯಲು ಬಂದರೆ ಎಳೆ, ಬರದಿದ್ದರೆ ಕ್ಲಿಪ್ ಎಸೆ. ಆಗಾಗ ಬಯಾಸ್ ಕೆಲಸ ಬರುತ್ತೆ ಅನ್ನುವ ಹಾಗಿದ್ದರೆ ಪೊಮೋನಾ 5250 ಅನ್ನುವ ಕ್ಲಿಪ್ ಇದೆ, ಬೆಲೆ ಜಾಸ್ತಿ, ಕಚ್ಚುವುದು ಗಟ್ಟಿ. ನಾಲ್ಕು ಊರಿನ ನಾಲ್ಕು ಅಂಗಡಿಯವರು ಸೇರಿ ಒಂದು ಇಟ್ಟುಕೊಂಡರೂ ಲಾಭವೇ.

ಐಸಿಯ ಕಾಲುಗಳನ್ನೂ ನೋಡು. ಮಾಲೂರಿನ ಇಟ್ಟಿಗೆ ಗೂಡು, ಹೆಂಚಿನ ಕಾರ್ಖಾನೆಗಳ ಆಫೀಸಿನಿಂದ ಬಂದ ಮಷೀನಾದರೆ ಒಳಗೆ ಕೆಂಪು ಧೂಳಿನ ಪದರವೇ ಇರುತ್ತೆ. ಕಾಲಿನ ಮೇಲೆ ಹಳೆಯ ಫ್ಲಕ್ಸ್ ಗಟ್ಟಿಯಾಗಿ ಕೂತಿರಬಹುದು, ಕೆಲವು ಬೋರ್ಡುಗಳಿಗೆ ತೇವ ತಾಕದಿರಲೆಂದು ತೆಳುವಾದ ಲೇಪ ಬಳಿದಿರುತ್ತಾರೆ. ಲೇಪದ ಮೇಲೆ ಕ್ಲಿಪ್ ಹಾಕಿದರೆ ಕಾಂಟ್ಯಾಕ್ಟ್ ಎಲ್ಲಿಂದ ಬರಬೇಕು? ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹಳೆಯ ಟೂತ್‌ಬ್ರಷ್ಷಿನಿಂದ ಎಂಟೂ ಕಾಲನ್ನು ತಿಕ್ಕು, ಒಣಗಲು ಬಿಡು. ಇನ್ನೂ ಮಂಕಾಗಿದ್ದರೆ ಸೂಜಿಯ ಮೊನೆಯಿಂದ ಕಾಲಿನ ಭುಜದ ಮೇಲೆ ಹಗುರಾಗಿ ಕೆರೆ, ಬೆಳ್ಳಗೆ ಹೊಳೆದರೆ ಸಾಕು.

ಕ್ಲಿಪ್ ಹಾಕುವಾಗ ಕೆಂಪು ತಂತಿ ಒಂದನೇ ಕಾಲಿನ ಕಡೆಗೆ. ಐಸಿಯ ಮೂಲೆಯ ಚುಕ್ಕೆಯೇ ಒಂದನೇ ಕಾಲು. ನೆಟ್ಟಗೆ ಮೇಲಿನಿಂದ ಇಳಿಸು. ಪಕ್ಕದಲ್ಲಿ ಎತ್ತರದ ಕೆಪಾಸಿಟರ್ ಇದ್ದರೆ ಕ್ಲಿಪ್ಪಿನ ತುಟಿ ಅದರ ಮೇಲೆ ಏರಿ ಒಂದು ಪಕ್ಕ ಎತ್ತಿಬಿಡುತ್ತೆ, ಅದನ್ನು ಬಗ್ಗಿ ನೋಡಬೇಕು. ಕೇಬಲ್ಲಿನ ಭಾರ ಕ್ಲಿಪ್ಪನ್ನು ಎಳೆಯದ ಹಾಗೆ ಕೇಬಲ್ಲನ್ನು ಬೋರ್ಡಿನ ಅಂಚಿಗೆ ಟೇಪ್ ಹಾಕಿ ಅಂಟಿಸು. ಅಲ್ಲಿಗೆ ಅರ್ಧ ಸಮಸ್ಯೆ ಕಳೆಯುತ್ತೆ. ಆಮೇಲೆ, ಇದನ್ನು ಬಿಡಲೇಬೇಡ, ಮಲ್ಟಿಮೀಟರನ್ನು ಬಜರ್ ಮೋಡಿಗೆ ಹಾಕಿ ಒಂದು ಕಡ್ಡಿ ಪ್ರೋಗ್ರಾಮರಿನ ಕಾಲಿಗೆ, ಇನ್ನೊಂದು ಕಡ್ಡಿ ಐಸಿಯ ಕಾಲಿಗೆ ಇಡು. ಕ್ಲಿಪ್ಪಿನ ಲೋಹಕ್ಕಲ್ಲ, ಐಸಿಯ ಕಾಲಿಗೇ. ಎಂಟಕ್ಕೆ ಎಂಟೂ ಕೂಗಬೇಕು. ಏಳು ಕೂಗಿದರೆ ಮುಂದಕ್ಕೆ ಹೋಗಬೇಡ.

ಕೂಗದಿದ್ದರೆ ಕ್ಲಿಪ್ಪೇ ಕಾರಣ ಅಂತಲೂ ಅಂದುಕೊಳ್ಳಬೇಡ. ಕ್ಲಿಪ್ಪಿನ ಕೇಬಲ್ ಕೊನೆಗೆ ಒಂದು ಪುಟ್ಟ ಹಸಿರು ಅಡಾಪ್ಟರ್ ಇರುತ್ತೆ, ಅದು ಪ್ರೋಗ್ರಾಮರಿನ ಸನ್ನೆ ಇರುವ ಸಾಕೆಟ್ಟಿಗೆ ಹೋಗುತ್ತೆ. ಅದರ ಕಾಲು ಗಿಡ್ಡ, ಸಾಕೆಟ್ಟು ಸಡಿಲ, ಸನ್ನೆ ಇಳಿಸಿದರೂ ಅಲ್ಲಾಡುತ್ತಿರುತ್ತೆ. ಸಾಕೆಟ್ಟಿನಲ್ಲಿ 24 ಸರಣಿಯ ಐಸಿಗೆ ಒಂದು ಅರ್ಧ, 25 ಸರಣಿಗೆ ಒಂದು ಅರ್ಧ. ತಪ್ಪು ಅರ್ಧಕ್ಕೆ ಹಾಕಿ ಗಂಟೆಗಟ್ಟಲೆ ಒದ್ದಾಡಿದವರನ್ನು ನೋಡಿದ್ದೇನೆ. ಪ್ರೋಗ್ರಾಮರನ್ನು ಯುಎಸ್‌ಬಿ ಹಬ್ಬಿಗಾಗಲಿ ಡೆಸ್ಕ್‌ಟಾಪಿನ ಮುಂದಿನ ಪೋರ್ಟಿಗಾಗಲಿ ಚುಚ್ಚಬೇಡ, ಹಿಂದೆ ಬೋರ್ಡಿನಲ್ಲೇ ಇರುವ ಪೋರ್ಟಿಗೆ ಚುಚ್ಚು. ಯಾವಾಗಲೂ ಮೊದಲು ಕ್ಲಿಪ್, ಆಮೇಲೆ ಯುಎಸ್‌ಬಿ. ತೆಗೆಯುವಾಗ ಮೊದಲು ಯುಎಸ್‌ಬಿ, ಆಮೇಲೆ ಕ್ಲಿಪ್. ಚುಚ್ಚಿದ ತಕ್ಷಣ ಐಸಿಯ ಮೇಲೆ ಬೆರಳಿಟ್ಟು ನೋಡು, ಬಿಸಿಯಾಗುತ್ತಿದ್ದರೆ ಕಿತ್ತುಬಿಡು. ತಿರುಗಾಮುರುಗಾ ಹಾಕಿರುತ್ತೀಯ, ಇಲ್ಲ ವೋಲ್ಟೇಜ್ ತಪ್ಪಿರುತ್ತೆ.

ರಾಸ್ಪ್‌ಬೆರಿ ಪೈಯಿಂದ ಬಿಡಿ ತಂತಿ ಎಳೆಯುವವರಾದರೆ ಮೂರನೇ ಕಾಲು, ಏಳನೇ ಕಾಲು ಎರಡನ್ನೂ 3.3 ವೋಲ್ಟಿಗೆ ಕಟ್ಟಿ. ಒಂದು ಬರೆಯದಂತೆ ತಡೆಯುವ ಕಾಲು, ಇನ್ನೊಂದು ಐಸಿಯನ್ನು ಸುಮ್ಮನೆ ಕಾಯಿಸುವ ಕಾಲು. ಗಾಳಿಯಲ್ಲಿ ಬಿಟ್ಟರೆ ಕೈ ಹತ್ತಿರ ತಂದರೂ ಐಸಿಯ ವರ್ತನೆ ಬದಲಾಗುತ್ತೆ. ತಂತಿ ಹತ್ತು ಸೆಂಟಿಮೀಟರಿನ ಆಸುಪಾಸು ಇರಲಿ. 1902ರಲ್ಲಿ ಶಿವನಸಮುದ್ರದಿಂದ ನಮ್ಮ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರು ವಿದ್ಯುತ್ ತಂದರಲ್ಲ, ಅಷ್ಟು ದೂರ ಸಾಗಿಸಲು ಅವರು ವೋಲ್ಟೇಜನ್ನು ಹಲವು ಪಟ್ಟು ಏರಿಸಿದರು. ನಿನಗೆ ಆ ಅನುಕೂಲ ಇಲ್ಲ. ನಿನ್ನ ಕೈಯಲ್ಲಿರುವುದು 3.3 ವೋಲ್ಟು, ಆದ್ದರಿಂದ ದಾರಿಯನ್ನೇ ಮೊಟಕು ಮಾಡಬೇಕು. ಜೊತೆಗೆ ವೇಗವನ್ನೂ ಇಳಿಸು. ಫ್ಲ್ಯಾಶ್‌ರಾಮ್ ಸಾಫ್ಟ್‌ವೇರ್ ಬಳಸುವಾಗ ಎಸ್‌ಪಿಐ ಸ್ಪೀಡ್ 1000 ಅಂತ ಕೊಟ್ಟರೆ 1 ಮೆಗಾಹರ್ಟ್ಸ್. 8 ಎಂಬಿ ಐಸಿಯಲ್ಲಿ 6 ಕೋಟಿ 71 ಲಕ್ಷ ಬಿಟ್ ಇದೆ, ಆ ವೇಗದಲ್ಲಿ ಒಂದು ನಿಮಿಷ ಚಿಲ್ಲರೆ ಹಿಡಿಯುತ್ತೆ. ಇನ್ನೂ ತಪ್ಪು ಬಂದರೆ 500ಕ್ಕೆ ಇಳಿಸು, ಎರಡು ನಿಮಿಷ ಆಗಲಿ. ಆ ಎರಡು ನಿಮಿಷ ಕಾಯಲಾರದೆ ಬೋರ್ಡ್ ಹಾಳು ಮಾಡುವುದು ಯಾವ ನ್ಯಾಯ?

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ಐಸಿ ಸಿಕ್ಕಿತು ಅಂದ ಕೂಡಲೇ ಇರೇಸ್ ಒತ್ತಬೇಡ. ಮೊದಲು ಓದು. ಒಂದು ಫೈಲಾಗಿ ಉಳಿಸು, ಇದನ್ನೇ ಡಂಪ್ ಅನ್ನುವುದು. ಕ್ಲಿಪ್ ತೆಗೆದು ಮತ್ತೆ ಹಾಕು, ಮತ್ತೆ ಓದಿ ಎರಡನೇ ಫೈಲಾಗಿ ಉಳಿಸು. ಎರಡನ್ನೂ ಹೋಲಿಸು. ಲಿನಕ್ಸ್‌ನಲ್ಲಿ ಶಾ256ಸಮ್ ಅಂತ ಹೊಡೆದರೆ ಎರಡಕ್ಕೂ ಒಂದೊಂದು ಉದ್ದನೆಯ ಸಂಖ್ಯೆ ಬರುತ್ತೆ, ಎರಡೂ ಒಂದೇ ಇರಬೇಕು. ವಿಂಡೋಸ್‌ನ ಪ್ರೋಗ್ರಾಮರ್ ಸಾಫ್ಟ್‌ವೇರಿನಲ್ಲಿ ವೆರಿಫೈ ಇರುತ್ತೆ. ಒಂದು ಅಕ್ಷರ ಬೇರೆಯಾದರೂ ನೀನಿನ್ನೂ ಬರೆಯುವ ಹಂತಕ್ಕೆ ಬಂದಿಲ್ಲ. ಓದುವುದೇ ಸರಿಯಾಗಿ ಬಾರದ ದಾರಿಯಲ್ಲಿ ಬರೆಯುವುದು ಹೇಗೆ ಸರಿ ಬಂದೀತು?

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಆ ಐಸಿಯಲ್ಲಿ ಇರುವುದು ಕಂಪನಿಯ ಬಯಾಸ್ ಮಾತ್ರ ಅಲ್ಲ. ಆ ಮಷೀನಿನ ಸೀರಿಯಲ್ ನಂಬರ್, ವಿಂಡೋಸ್ ಜೊತೆಗೆ ಬಂದಿದ್ದರೆ ಅದರ ಕೀ, ಎಷ್ಟೋ ಇಂಟೆಲ್ ಬೋರ್ಡುಗಳಲ್ಲಿ ಲ್ಯಾನಿನ ಮ್ಯಾಕ್ ವಿಳಾಸ ಅದರಲ್ಲೇ ಇರುತ್ತೆ. ಬೇರೆ ಲ್ಯಾಪ್‌ಟಾಪಿನ ಡಂಪ್ ಯಾರೋ ಕಳಿಸಿದ್ದು ಹಾಕಿದರೆ ಡಿಸ್‌ಪ್ಲೇ ಬರಬಹುದು, ಗಿರಾಕಿ ದುಡ್ಡು ಕೊಟ್ಟು ಹೋಗಬಹುದು. ಆಮೇಲೆ ವಿಂಡೋಸ್ ಆಕ್ಟಿವೇಟ್ ಆಗಲ್ಲ, ವಾರಂಟಿಗೆ ಹೋದರೆ ಸೀರಿಯಲ್ ನಂಬರ್ ತಾಳೆಯಾಗಲ್ಲ, ಫ್ಯಾನ್ ಒಂದೇ ಸಮನೆ ಕೂಗುತ್ತೆ. ಆ ಮಷೀನಿನದೇ ಆದ ಡಂಪಿಗೆ ಬದಲಿ ಇಲ್ಲ. ಕೆಟ್ಟುಹೋದ ಬಯಾಸ್ ಆದರೂ ಸರಿ, ಕೆಟ್ಟಿರುವುದು ಒಂದು ಭಾಗ, ಉಳಿದದ್ದು ಚೆನ್ನಾಗಿಯೇ ಇರುತ್ತೆ. ಹೊಸ ಫೈಲಿಗೆ ಆ ಭಾಗಗಳನ್ನು ಅದರಿಂದಲೇ ತೆಗೆದು ಸೇರಿಸಬೇಕು. ತಪ್ಪು ಓದಿದ ಡಂಪ್ ಇಟ್ಟುಕೊಂಡು ಐಸಿ ಅಳಿಸಿದೆ ಅಂದರೆ ಆ ಮಷೀನಿನ ಗುರುತನ್ನೇ ಅಳಿಸಿದ ಹಾಗೆ.

ಎರಡು ಓದು ಹೊಂದದಿದ್ದಾಗ ಫೈಲನ್ನು ಹೆಕ್ಸ್ ಎಡಿಟರಿನಲ್ಲಿ ತೆರೆದು ನೋಡು, ತೊಂದರೆ ಎಲ್ಲಿದೆ ಅಂತ ಅದೇ ಹೇಳುತ್ತೆ. ಪೂರ್ತಿ ಎಫ್‌ಎಫ್ ಇದ್ದರೆ ಐಸಿ ಬಾಯಿಯೇ ಬಿಟ್ಟಿಲ್ಲ: ಒಂದನೇ ಕಾಲು, ಎರಡನೇ ಕಾಲು, ಆರನೇ ಕಾಲಿನ ಕಾಂಟ್ಯಾಕ್ಟ್ ನೋಡು. ಪೂರ್ತಿ ಸೊನ್ನೆ ಇದ್ದರೆ ಎಂಟನೇ ಕಾಲಿನ ಪವರ್ ಅಥವಾ ನಾಲ್ಕನೇ ಕಾಲಿನ ಗ್ರೌಂಡ್ ನೋಡು. ಒಂದು ಜಾಗದವರೆಗೆ ಸರಿಯಾಗಿದ್ದು ಅಲ್ಲಿಂದ ಮುಂದೆ ಕೊನೆಯವರೆಗೂ ಎಫ್‌ಎಫ್, ಇನ್ನೊಂದು ಓದಿನಲ್ಲಿ ಅದು ಬೇರೆ ಜಾಗದಿಂದ ಶುರುವಾದರೆ, ಓದುತ್ತಿದ್ದಾಗಲೇ ಕ್ಲಿಪ್ ಜಾರಿದೆ. ಅಲ್ಲೊಂದು ಇಲ್ಲೊಂದು ಅಕ್ಷರ ಬೇರೆಯಾಗಿದ್ದರೆ ತಂತಿ ಉದ್ದ, ವೇಗ ಜಾಸ್ತಿ ಅಥವಾ ಗ್ರೌಂಡ್ ಸರಿಯಿಲ್ಲ. ಇಂಟೆಲ್ ಬೋರ್ಡಿನ ಡಂಪ್ ಆದರೆ ಎರಡನೇ ಸಾಲಿನ ಶುರುವಿನಲ್ಲೇ 5ಎ ಎ5 ಎಫ್0 0ಎಫ್ ಅಂತ ನಾಲ್ಕು ಬೈಟ್ ಇರಬೇಕು. ಅದು ಕಾಣಿಸಿದರೆ ಧೈರ್ಯ ತಂದುಕೋ. ಹಳೆಯ ಥಿಂಕ್‌ಪ್ಯಾಡ್ ಎಕ್ಸ್230 ಥರದವುಗಳಲ್ಲಿ ಐಸಿ ಎರಡು, ಒಂದು 8 ಎಂಬಿ, ಇನ್ನೊಂದು 4. ಈ ಗುರುತು 8 ಎಂಬಿಯದರಲ್ಲಿ ಮಾತ್ರ ಸಿಗುತ್ತೆ, ಇನ್ನೊಂದರಲ್ಲಿ ಹುಡುಕಬೇಡ. ಐಸಿಯ ಐಡಿಯನ್ನೂ ಬರೆದಿಟ್ಟುಕೋ. ವಿನ್‌ಬಾಂಡ್ 25ಕ್ಯೂ64ಎಫ್‌ವಿಗೆ ಇಎಫ್ 40 17, ಗಿಗಾಡಿವೈಸ್‌ನ ಅದೇ ಅಳತೆಯದಕ್ಕೆ ಸಿ8 40 17. ಐಡಿ ಒಂದೊಂದು ಸಲ ಒಂದೊಂದು ಥರ ಬಂದರೆ ಸಾಫ್ಟ್‌ವೇರಿನ ಪಟ್ಟಿಯಲ್ಲಿ ಹತ್ತಿರದ ಹೆಸರು ಆರಿಸಿ ಮುಂದೆ ಹೋಗುವ ಚಪಲ ಬರುತ್ತೆ. ಬೇಡ.

ಎಲ್ಲ ಸರಿಯಿದ್ದೂ ಓದು ಹೊಂದದ ಒಂದು ಸಂದರ್ಭ ಇದೆ, ಅದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಎಂಟನೇ ಕಾಲಿಗೆ ನೀನು ಕೊಟ್ಟ 3.3 ವೋಲ್ಟು ಐಸಿಗೆ ಮಾತ್ರ ಹೋಗುತ್ತಿಲ್ಲ. ಬೋರ್ಡಿನ ಅದೇ ಲೈನಿನಲ್ಲಿ ಚಿಪ್‌ಸೆಟ್, ಇನ್ನೂ ಏನೇನೋ ಕೂತಿರುತ್ತವೆ, ಎಲ್ಲವೂ ಕರೆಂಟ್ ಎಳೆಯುತ್ತವೆ. ಕ್ಲಿಪ್ ಹಾಕಿದ ಕೂಡಲೇ ಬೋರ್ಡಿನ ಎಲ್‌ಇಡಿ ಮಿಣುಕಿದರೆ ಇದೇ ಅಂತ ತಿಳಿ. ಓದುತ್ತಿರುವಾಗಲೇ ಐಸಿಯ ಎಂಟು ಮತ್ತು ನಾಲ್ಕನೇ ಕಾಲಿನ ನಡುವೆ ಅಳೆ. 3.3ರ ಹತ್ತಿರ ನಿಂತಿದ್ದರೆ ಸರಿ. 2.7ಕ್ಕಿಂತ ಕೆಳಗೆ ಇಳಿದರೆ ಐಸಿ ತಪ್ಪು ಹೇಳದೆ ಇನ್ನೇನು ಮಾಡುತ್ತೆ? ಅರೆಜೀವ ಬಂದ ಚಿಪ್‌ಸೆಟ್ಟು ಅದೇ ತಂತಿಗಳಲ್ಲಿ ತಾನೂ ಮಾತಾಡಲು ಶುರು ಮಾಡುವುದೂ ಉಂಟು. ಬೆಂಚ್ ಪವರ್ ಸಪ್ಲೈ ಇದ್ದರೆ 3.3 ವೋಲ್ಟನ್ನು ಅದರಿಂದ ಕೊಡು, ಪ್ರೋಗ್ರಾಮರಿನ 3.3 ತಂತಿ ಬಿಚ್ಚಿಬಿಡು, ಗ್ರೌಂಡ್ ಎರಡನ್ನೂ ಸೇರಿಸು. ಎರಡು ಕಡೆಯಿಂದ ಪವರ್ ಒಟ್ಟಿಗೆ ಕೊಡುವುದು ಮಾತ್ರ ಎಂದೂ ಬೇಡ.

ಅದಕ್ಕೂ ಬಗ್ಗದಿದ್ದರೆ ಐಸಿ ಎತ್ತುವುದೇ ಸರಿ. ಅದು ಸೋಲಲ್ಲ, ತಮ್ಮಾ, ಎಷ್ಟೋ ಬೋರ್ಡುಗಳಿಗೆ ಅದೇ ಹತ್ತಿರದ ದಾರಿ. ಸುತ್ತ ಕ್ಯಾಪ್ಟಾನ್ ಟೇಪ್ ಹಾಕಿ, ಫ್ಲಕ್ಸ್ ಬಿಟ್ಟು, ಹಾಟ್ ಏರ್ ಗನ್ನನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತ ಬಿಸಿ ಮಾಡು. ಬೆಸುಗೆ ಕರಗಿದ ಮೇಲೆ ಐಸಿ ತಾನೇ ತೇಲುತ್ತೆ, ಆಗ ಚಿಮುಟದಲ್ಲಿ ಎತ್ತು, ಎಳೆಯಬೇಡ, ಪ್ಯಾಡ್ ಕಿತ್ತು ಬಂದರೆ ಕಷ್ಟ. ಎತ್ತುವ ಮುಂಚೆ ಚುಕ್ಕೆ ಯಾವ ಕಡೆ ಇತ್ತು ಅಂತ ಫೋನಿನಲ್ಲಿ ಒಂದು ಫೋಟೊ ತೆಗೆ. ಐಸಿ ಕೂರಿಸುವ ಸಾಕೆಟ್ ತೆಗೆದುಕೊಳ್ಳುವಾಗ 150 ಮಿಲ್ ಬೇರೆ, 208 ಮಿಲ್ ಬೇರೆ ಅನ್ನುವುದು ನೆನಪಿರಲಿ. 8 ಎಂಬಿ, 16 ಎಂಬಿ ಬಯಾಸ್ ಐಸಿ ಹೆಚ್ಚಾಗಿ ಅಗಲದ 208ರಲ್ಲೇ ಬರುತ್ತೆ. ಕಾಲೇ ಇಲ್ಲದ, ಕೆಳಗೆ ಪ್ಯಾಡ್ ಮಾತ್ರ ಇರುವ ಚಪ್ಪಟೆ ಐಸಿ ಕಂಡರೆ ಕ್ಲಿಪ್ ಹಾಕಲು ಹೋಗಲೇಬೇಡ. ಅದಕ್ಕೆ ಸ್ಪ್ರಿಂಗ್ ಮೊನೆಯ ಪ್ರೋಬ್ ಬೇಕು, ಇಲ್ಲ ಎತ್ತಬೇಕು.

ಎರಡು ಓದು ಒಂದಾಯಿತು, ಡಂಪನ್ನು ಪೆನ್‌ಡ್ರೈವಿಗೂ ಹಾಕಿಟ್ಟೆ ಅನ್ನು. ಈಗ ಬರೆ. ನಿನ್ನ ಕಂಪ್ಯೂಟರಿಗೆ ಯುಪಿಎಸ್ ಇರಲಿ, ಪಂಪ್‌ಸೆಟ್ ಲೈನಿಗೆ ತ್ರೀ ಫೇಸ್ ಬರುವ ಹೊತ್ತಿನಲ್ಲಿ ವೋಲ್ಟೇಜ್ ಏರಿಳಿಯುವುದು ನಿನಗೇ ಗೊತ್ತು. ಬರೆಯುತ್ತಿರುವಾಗ ಮೇಜು ಅಲ್ಲಾಡಿಸಬೇಡ, ಗಿರಾಕಿಗೆ ಅಲ್ಲಿಂದಲೇ ಬಗ್ಗಿ ನೋಡಲು ಬಿಡಬೇಡ. ವೆರಿಫೈ ಆಗದಿದ್ದರೆ ಗಾಬರಿಯಾಗಿ ಕ್ಲಿಪ್ ಕೀಳಬೇಡ. ಮೂಲ ಡಂಪ್ ನಿನ್ನ ಹತ್ತಿರ ಇದೆ, ಐಸಿ ಎಲ್ಲಿಗೂ ಓಡಿಹೋಗುವುದಿಲ್ಲ. ವೇಗ ಇಳಿಸಿ ಮತ್ತೆ ಬರೆ. ಓದು ಪ್ರತಿ ಸಲ ಸರಿಯಾಗಿ ಹೊಂದುತ್ತೆ, ಇರೇಸ್ ಮಾತ್ರ ಆಗುತ್ತಿಲ್ಲ ಅಂದರೆ ಅದು ಕಾಂಟ್ಯಾಕ್ಟಿನ ತೊಂದರೆ ಅಲ್ಲದೆ ಇರಬಹುದು. ಐಸಿಯ ಸ್ಟೇಟಸ್ ರಿಜಿಸ್ಟರಿನಲ್ಲಿ ಬರೆಯದಂತೆ ತಡೆಯುವ ಬಿಟ್ ಹಾಕಿದೆಯೇ ನೋಡಿ ತೆಗೆ.

ವೆರಿಫೈ ಆದ ಮೇಲೆ ಯುಎಸ್‌ಬಿ ತೆಗೆ, ಕ್ಲಿಪ್ ತೆಗೆ, ಬಿಲ್ಲೆ ಬ್ಯಾಟರಿ ಹಾಕು, ಒಂದೇ ಒಂದು ರ‍್ಯಾಮ್ ಹಾಕಿ ಅಡಾಪ್ಟರ್ ಕೊಟ್ಟು ಆನ್ ಮಾಡು. ಸ್ಕ್ರೀನ್ ಕೂಡಲೇ ಬರುವುದಿಲ್ಲ. ಹೊಸದಾಗಿ ಬರೆದ ಬಯಾಸ್ ಮೊದಲ ಸಲ ರ‍್ಯಾಮನ್ನು ತಾನೇ ಅಳೆದು ಹೊಂದಿಸಿಕೊಳ್ಳುತ್ತೆ, ಕೆಲವು ಮಷೀನು ತಾವೇ ಎರಡು ಮೂರು ಸಲ ಆಫ್ ಆಗಿ ಆನ್ ಆಗುತ್ತವೆ. ಆ ಹೊತ್ತಿನಲ್ಲಿ ಪವರ್ ಬಟನ್ ಮುಟ್ಟಬೇಡ, ನಾಲ್ಕೈದು ನಿಮಿಷ ಬಿಡು. ಡಿಸ್‌ಪ್ಲೇ ಬಂದರೆ ಬಯಾಸ್ ಸೆಟಪ್ಪಿಗೆ ಹೋಗಿ ಸೀರಿಯಲ್ ನಂಬರನ್ನು ಲ್ಯಾಪ್‌ಟಾಪಿನ ತಳದ ಸ್ಟಿಕ್ಕರಿನ ಜೊತೆ ತಾಳೆ ನೋಡು, ದಿನಾಂಕ ಸರಿ ಮಾಡು, ಆಮೇಲೆ ಗಿರಾಕಿಗೆ ಫೋನ್ ಮಾಡು. ಅವರು ಬಂದಾಗ ಅವರ ಡಂಪನ್ನು ಅವರ ಪೆನ್‌ಡ್ರೈವಿಗೂ ಒಂದು ಪ್ರತಿ ಹಾಕಿ ಕೊಡು.